ಯಂತ್ರದ ಕಣ್ಣು, ಮನುಷ್ಯನ ಎಚ್ಚರ

ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭೆಯು ಹುಕ್ಕೇರಿ ತಾಲ್ಲೂಕಿನ ದಡ್ಡಿಯ ಸೀಮೆಯನ್ನು ಹಾದು, ಹಿಡಕಲ್ ಜಲಾಶಯವನ್ನು ತುಂಬಿ, ಮುಂದೆ ಗೋಕಾಕದ ಬಳಿ ಸುಮಾರು 52 ಮೀಟರ್ ಆಳಕ್ಕೆ ಧುಮುಕುತ್ತದೆ. ಮಳೆಗಾಲದಲ್ಲಿ ಆ ಕೆನ್ನೀರಿನ ವೈಭವವನ್ನು ಕಾಣಲು ಜನರು ಕಿಕ್ಕಿರಿದು ನೆರೆಯುತ್ತಾರೆ. ಹಿಂದೆ ಇಂತಹ ನೋಟವನ್ನು ದಡದಲ್ಲಿ ನಿಂತೇ ನೋಡಬೇಕಾಗಿತ್ತು. ಇಂದು ಡ್ರೋನ್ ಎಂಬ ಪುಟ್ಟ ಹಾರುಯಂತ್ರವು ಕ್ಯಾಮರಾವನ್ನು ಹೊತ್ತು ಮೇಲೇರಿ, ಹದ್ದಿನ ಕಣ್ಣಿಗೆ ಮಾತ್ರ ದಕ್ಕುತ್ತಿದ್ದ ದೃಶ್ಯವನ್ನು ಸಾಮಾನ್ಯನಿಗೂ ಒದಗಿಸುತ್ತಿದೆ.

ಈ ಯಂತ್ರವು ಬಂಡೆಗೋ ಕೊಂಬೆಗೋ ತಗುಲಿದರೆ ಕ್ಷಣಾರ್ಧದಲ್ಲಿ ಕೆಳಗುರುಳುವುದು. ಆದುದರಿಂದ ತಂತ್ರಜ್ಞರು ಅದಕ್ಕೆ ಕಣ್ಣುಗಳನ್ನು ಕೊಟ್ಟಿದ್ದಾರೆ. ಮನುಷ್ಯನು ಎರಡು ಕಣ್ಣುಗಳಿಂದ ದೂರವನ್ನು ಅಳೆಯುವಂತೆ, ಡ್ರೋನು ಜೋಡಿ ಕ್ಯಾಮರಾಗಳ ಚಿತ್ರಗಳಲ್ಲಿರುವ ವ್ಯತ್ಯಾಸದಿಂದ ಎದುರಿನ ವಸ್ತುವಿನ ದೂರವನ್ನು ಲೆಕ್ಕಹಾಕಿ, ನಿಲ್ಲುತ್ತದೆ ಇಲ್ಲವೆ ಬಳಸಿ ಹೋಗುತ್ತದೆ. ಕೆಲವು ಯಂತ್ರಗಳು ಬಾವಲಿಯಂತೆ ಶ್ರವಣಾತೀತ ಧ್ವನಿಯನ್ನು ಹೊರಡಿಸಿ ಅದರ ಪ್ರತಿಧ್ವನಿಯನ್ನು ಗ್ರಹಿಸುತ್ತವೆ. ಇನ್ನು ಕೆಲವು ಅವಕೆಂಪು ಕಿರಣಗಳನ್ನೋ ಲೇಸರ್ ಕಿರಣಗಳನ್ನೋ ಬಳಸುತ್ತವೆ. ಈ ಸೌಲಭ್ಯವನ್ನು ಸಾಮಾನ್ಯ ಗ್ರಾಹಕರಿಗೆ ತಲಪಿಸಿದ ಮೊದಲ ಯಂತ್ರಗಳಲ್ಲಿ 2016ರಲ್ಲಿ ಬಂದ ಡಿಜೆಐ ಸಂಸ್ಥೆಯ ಫ್ಯಾಂಟಮ್ 4 ಒಂದು.

ಯಂತ್ರವು ಮನುಷ್ಯನಿಗಿಂತ ಚುರುಕಾದುದರಿಂದ ಹಾರಿಸುವವನಿಗೆ ಚಿಂತೆಯೇ ಬೇಡವೆಂದು ಕೆಲವರು ವಾದಿಸುತ್ತಾರೆ. ಅದರ ಚುರುಕುತನ ನಿಜ. ಅದರಿಂದ ಎಷ್ಟೋ ಅಪಘಾತಗಳು ತಪ್ಪುತ್ತವೆ. ಆದರೆ ಅದರ ದೃಷ್ಟಿಗೆ ಮಿತಿಯಿದೆ. ಕಬ್ಬಿನ ಗದ್ದೆಯ ಮೇಲೆ ಹಾದುಹೋಗುವ ತೆಳ್ಳನೆಯ ವಿದ್ಯುತ್ ತಂತಿ, ಎಲೆಯುದುರಿದ ರೆಂಬೆ, ಗಾಜು ಇವುಗಳನ್ನು ಅದು ಕಾಣದೆ ಹೋಗಬಹುದು. ಮುಸ್ಸಂಜೆಯ ಮಬ್ಬು ಅದನ್ನು ಕುರುಡಾಗಿಸುತ್ತದೆ. ಹೊಳೆಯುವ, ಹರಿಯುವ ನೀರಿನ ಮೇಲೆ ಅದರ ಅಳತೆಯೇ ತಪ್ಪಬಹುದು. ಎಷ್ಟೋ ಯಂತ್ರಗಳಿಗೆ ಎಲ್ಲ ದಿಕ್ಕಿಗೂ ಕಣ್ಣುಗಳಿರುವುದಿಲ್ಲ. ಅತಿವೇಗದ ಹಾರಾಟಕ್ಕೆ ಅಣಿಗೊಳಿಸಿದಾಗ ಹಲವು ಯಂತ್ರಗಳಲ್ಲಿ ಈ ರಕ್ಷಣೆಯೇ ಸ್ಥಗಿತಗೊಳ್ಳುತ್ತದೆ. ತಂತಿಹಗ್ಗಗಳ ತೂಗುಸೇತುವೆ, ತುಂತುರು, ಹರಿಯುವ ಹೊಳೆ, ಜನಸಂದಣಿ ಇವೆಲ್ಲವೂ ಕೂಡಿದ ಗೋಕಾಕದಂತಹ ತಾಣದಲ್ಲಿ ಅಂಧವಿಶ್ವಾಸವು ಎಷ್ಟು ಅಪಾಯಕರವೆಂಬುದನ್ನು ಊಹಿಸಬಹುದು.

ಹೊಳೆ ದಾಟುವ ಅಂಬಿಗನು ಹರಿಗೋಲನ್ನು ನಂಬಿದರೂ ನೀರಿನ ಸೆಳೆತವನ್ನು ಮರೆಯುವುದಿಲ್ಲ. ಡ್ರೋನ್ ಹಾರಿಸುವವನಲ್ಲಿಯೂ ಅದೇ ಎಚ್ಚರವಿರಬೇಕು. ಹಾರಿಸುವ ಮುನ್ನ ತಂತಿ, ಮರಗಳನ್ನು ತಾನೇ ಗುರುತಿಸಿಕೊಳ್ಳುವುದು, ಯಂತ್ರವನ್ನು ಕಣ್ಣಳತೆಯಲ್ಲೇ ಇರಿಸಿಕೊಳ್ಳುವುದು, ಜನರ ತಲೆಯ ಮೇಲೆ ಹಾರಿಸದಿರುವುದು ಅವನ ಕರ್ತವ್ಯ. ಭಾರತ ಸರ್ಕಾರವು 2021ರಲ್ಲಿ ಡ್ರೋನ್ ನಿಯಮಗಳನ್ನು ಜಾರಿಗೆ ತಂದು, ಹಾರಾಟದ ವಲಯಗಳನ್ನು ಗೊತ್ತುಪಡಿಸಿದೆ. ಆದರೆ ನಿಯಮವು ಎಲ್ಲೆಯನ್ನು ತೋರಿಸಬಲ್ಲುದೇ ಹೊರತು ವಿವೇಕವನ್ನು ಕೊಡಲಾರದು.

ಆಕಾಶದಿಂದ ಬಿದ್ದ ಯಂತ್ರವನ್ನು ದುರಸ್ತಿಮಾಡಬಹುದು. ಅದರಿಂದ ಮಗುವೊಂದು ಕಣ್ಣು ಕಳೆದುಕೊಂಡರೆ ಆ ನಷ್ಟವನ್ನು ಯಾರೂ ತುಂಬಲಾರರು. ಆಗ ಉತ್ತರ ಹೇಳಬೇಕಾದವನು ಯಂತ್ರವನ್ನು ಹಿಡಿದ ಮನುಷ್ಯನೇ. ಯಂತ್ರಕ್ಕೆ ಕಣ್ಣು ಬಂದಿತೆಂದು ಅವನು ತನ್ನ ಕಣ್ಣನ್ನು ಮುಚ್ಚಿಕೊಳ್ಳಬಾರದು.