ಗೋಡೆಯ ನೆರಳಿನ ಹಟ್ಟಿಗಳು

ರೋಮನ್ ಚಕ್ರವರ್ತಿ ಹೇಡ್ರಿಯನ್ ಕ್ರಿ.ಶ. 122ರಲ್ಲಿ ಉತ್ತರ ಬ್ರಿಟನ್ನಿಗೆ ಅಡ್ಡಲಾಗಿ, ಸುಮಾರು 117 ಕಿಲೋಮೀಟರ್ ಉದ್ದಕ್ಕೆ ಕಟ್ಟಿಸತೊಡಗಿದ ಗೋಡೆಯ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ಅದರ ಮೇಲೆ ಕಾವಲು ನಿಂತ ಸೈನಿಕನ ಕಣ್ಣಿನಿಂದಲೇ ನೋಡಿದ್ದರಿಂದ, ಅದು ಯಾರ ಹೊಲವನ್ನು ಸೀಳಿಕೊಂಡು ಹೋಯಿತೆಂಬ ಪ್ರಶ್ನೆ ಬಹುಕಾಲ ಅಡಿಟಿಪ್ಪಣಿಯಲ್ಲೇ ಉಳಿಯಿತು. ಡೆಂಟನ್ ಮೊದಲಾದ ಕಡೆಗಳಲ್ಲಿ ಗೋಡೆಯ ಅಡಿಪಾಯಕ್ಕೂ ಕೆಳಗಿನ ಮಣ್ಣಿನಲ್ಲಿ ನೇಗಿಲು ಗೀರಿದ ಸಾಲುಗಳು ಸಿಕ್ಕಿವೆ.

ಈ ಸೀಮೆಯ ಒಕ್ಕಲು ಮಕ್ಕಳು ಬಾಳಿದ್ದು ಆವೃತ ನೆಲೆಗಳಲ್ಲಿ, ಎಂದರೆ ಸುತ್ತ ಕಂದಕ ತೋಡಿ, ತೋಡಿದ ಮಣ್ಣನ್ನೇ ಒಡ್ಡಾಗಿ ಪೇರಿಸಿ, ಒಳಗೆ ದುಂಡು ಮನೆಗಳನ್ನು ಕಟ್ಟಿಕೊಂಡು, ದನಕುರಿ ಸಾಕಿ, ಗೋಧಿ ಬಾರ್ಲಿ ಬೆಳೆಯುತ್ತಿದ್ದ ಹಟ್ಟಿಗಳಲ್ಲಿ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಾರ್ಥಂಬರ್‌ಲ್ಯಾಂಡಿನ ಇಂಥ ಹಟ್ಟಿಗಳನ್ನು ಒಂದೊಂದಾಗಿ ಗುರುತಿಸಿ ಅಗೆದ ಜಾರ್ಜ್ ಜೋಬಿ, ಕಲ್ಲಿನ ಮನೆಗಳ ಅಡಿಯಲ್ಲಿ ಹಳೆಯ ಮರದ ಮನೆಗಳ ಕಂಬಗುಳಿಗಳನ್ನು ಕಂಡಿದ್ದರೂ, ದೊರೆತ ಕೆಲವೇ ರೋಮನ್ ಮಡಕೆಚೂರುಗಳನ್ನು ಆಧರಿಸಿ ಬಹುಪಾಲು ಹಟ್ಟಿಗಳನ್ನು ರೋಮನ್ ಆಳ್ವಿಕೆಯ ಕಾಲಕ್ಕೇ ಸೇರಿಸಿದರು. ಗೋಡೆಯ ಆಸರೆಯಲ್ಲಿ ಬೇಸಾಯ ನೆಮ್ಮದಿಯಾಗಿ ಸಾಗಿತೆಂಬ ಹಿತವಾದ ಚಿತ್ರ ಮೂಡಿದ್ದು ಹೀಗೆ. ಸಾಮ್ರಾಜ್ಯಗಳ ಚರಿತ್ರೆಯಲ್ಲಿ ಹಿತವಾದ ಚಿತ್ರಗಳನ್ನು ತುಸು ಅನುಮಾನದಿಂದ ನೋಡುವುದೇ ಲೇಸು.

ಆ ಅನುಮಾನಕ್ಕೆ ಆಧಾರ ಒದಗಿದ್ದು 2002ರಿಂದ 2010ರವರೆಗೆ, ಕರಾವಳಿಯ ಬಯಲಿನಲ್ಲಿ ಹೊಸ ಕಟ್ಟಡ ಮತ್ತು ಗಣಿ ಕಾಮಗಾರಿಗಳಿಗೆ ಮುನ್ನ ಬ್ರಂಟನ್, ಬ್ಲ್ಯಾಗ್ಡನ್ ಪಾರ್ಕ್, ಪೆಗ್ಸ್‌ವುಡ್‌ಗಳಲ್ಲಿ ವಿಶಾಲವಾಗಿ ನಡೆದ ಅಗೆತಗಳಿಂದ. ಸಾವಯವ ವಸ್ತುವಿನಲ್ಲಿ ಉಳಿದ ವಿಕಿರಣಶೀಲ ಇಂಗಾಲವನ್ನು ಅಳೆದು ಕಾಲ ನಿರ್ಣಯಿಸುವ ವಿಧಾನದಿಂದ ಪರೀಕ್ಷಿಸಿದಾಗ, ಈ ಹಟ್ಟಿಗಳು ರೋಮನ್ನರಿಗಿಂತ ಶತಮಾನಗಳಷ್ಟು ಹಳೆಯವೆಂದೂ, ಗೋಡೆ ಎದ್ದ ಕಾಲಕ್ಕೋ ಅದರ ಬೆನ್ನಿಗೋ ಪಾಳುಬಿದ್ದವೆಂದೂ ತಿಳಿಯಿತು. ವಾಸದ ಆರಂಭವನ್ನು ಸೂಚಿಸುತ್ತವೆಂದು ಭಾವಿಸಿದ್ದ ಚೂರುಗಳು, ಬಯಲುಸೀಮೆಯ ಮಟ್ಟಿಗಾದರೂ, ಅದರ ಮುಗಿತಾಯಕ್ಕೆ ಹತ್ತಿರವಾಗಿದ್ದವು. ಒಳನಾಡಿನ ಗುಡ್ಡಗಳಲ್ಲಿ ಹಕ್‌ಹೋದಂಥ ಕೆಲವು ಹಟ್ಟಿಗಳಲ್ಲಿ ಒಲೆ ಮುಂದೆಯೂ ಉರಿಯಿತು. ಆದ್ದರಿಂದ ಸೀಮೆಯೆಲ್ಲ ಬರಿದಾಯಿತೆನ್ನುವುದು ಇನ್ನೊಂದು ಅತಿರೇಕವಾದೀತು.

ಸೈನಿಕರ ದೃಷ್ಟಿಯಲ್ಲಿ ಈ ಜನ ಏನಾಗಿದ್ದರೆಂಬುದಕ್ಕೆ ವಿಂಡೊಲಾಂಡಾ ಕೋಟೆಯಲ್ಲಿ ಸಿಕ್ಕ ಮರದ ಓಲೆಯೊಂದರ 'ಬ್ರಿಟ್ಟುಂಕುಲಿ' ಎಂಬ ಪದ, ಅಂದರೆ ಯಃಕಶ್ಚಿತ್ ಬ್ರಿಟನ್ನರು ಎಂಬ ತಾತ್ಸಾರದ ಮಾತು, ಸಾಕ್ಷಿಯಾಗಿದೆ. ಆ ಯಃಕಶ್ಚಿತ್ ಜನರ ನೆಲೆಗಳ ಎಣಿಕೆ ಮಾತ್ರ ಬೆಳೆಯುತ್ತಲೇ ಇದೆ: ಗೋಡೆಯ ಉತ್ತರಕ್ಕಿರುವ ಬರ್ನ್ಸ್‌ವಾರ್ಕ್ ಗುಡ್ಡದ ಸುತ್ತ, ಆಕಾಶದಿಂದ ಲೇಸರ್ ಕಿರಣ ಹಾಯಿಸಿ ನೆಲದ ಏರುತಗ್ಗುಗಳನ್ನು ಅಳೆದ ವಿದ್ವಾಂಸರು, ಮೊದಲು ದಾಖಲಾಗದಿದ್ದ 134 ನೆಲೆಗಳನ್ನು 2022ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಬಹಳಷ್ಟು ಒಂದೆರಡು ಕುಟುಂಬಗಳ ಪುಟ್ಟ ಹಟ್ಟಿಗಳು.