ಸಿಸ್ಟರ್‌ಗಳ ಸಕ್ಕರೆ ನೋಡುವವರು ಯಾರು?

ಪುಣೆಯ ಕೆಇಎಂ ಆಸ್ಪತ್ರೆಯ ಮಧುಮೇಹ ತಜ್ಞ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ದೇಹದ ಲೆಕ್ಕವನ್ನೇ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಕೂಡಿಸಿಕೊಳ್ಳುವುದು ಭಾರತೀಯರ ಮೈಗುಣ ಎಂದು ಜಗತ್ತಿಗೆ ತಿಳಿಸಿದ ಊರಿದು. ಇಲ್ಲಿನ ವಾರ್ಡುಗಳಲ್ಲಿ ರಾತ್ರಿಯಿಡೀ ಓಡಾಡುವ ನರ್ಸ್‌ಗಳ ಮೈ ಕೂಡ ಅಂಥದ್ದೇ.

ನಡುರಾತ್ರಿ ದಾಟಿದ ಮೇಲೆ ಡ್ರಿಪ್ ಬದಲಿಸಿ, ಬಿಪಿ ಬರೆದಿಟ್ಟು ಡಬ್ಬಿ ಬಿಚ್ಚಿದರೆ ಅನ್ನ ತಣ್ಣಗಾಗಿರುತ್ತದೆ. ಎರಡು ತುತ್ತು ಇಳಿಯುವಷ್ಟರಲ್ಲಿ ಮತ್ತೊಂದು ಬೆಡ್‌ನಿಂದ ‘ಸಿಸ್ಟರ್’ ಎಂಬ ಕೂಗು. ಕೊನೆಗೆ ಹಸಿವು ತಣಿಸುವುದು ಸಿಹಿ ಚಹಾ, ಬಿಸ್ಕತ್ತು. ಆ ಹೊತ್ತಿನಲ್ಲಿ ಮೆಲಟೋನಿನ್ ಏರಿ ಇನ್ಸುಲಿನ್ ಸ್ರಾವ ತಗ್ಗಿರುತ್ತದೆ. ಹಗಲಲ್ಲಿ ಬೇಗ ಇಳಿಯುವ ಸಕ್ಕರೆ ರಾತ್ರಿ ರಕ್ತದಲ್ಲೇ ಉಳಿಯುತ್ತದೆ. ಇದರ ಮೇಲೆ ತಿಂಗಳುಗಟ್ಟಲೆ ಒತ್ತಡ: ಕಾರ್ಟಿಸಾಲ್ ಹೆಚ್ಚಿ ಯಕೃತ್ತು ಇನ್ನಷ್ಟು ಸಕ್ಕರೆ ಬಿಡುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ. ಮನೆಗೆ ಬಂದವರಿಗೆ ನಿದ್ದೆಯೂ ಅರೆಬರೆ.

ಅಮೆರಿಕದ 1.77 ಲಕ್ಷ ನರ್ಸ್‌ಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸರದಿ ರಾತ್ರಿಪಾಳಿ ಮಾಡಿದವರಲ್ಲಿ ಟೈಪ್ 2 ಮಧುಮೇಹದ ಅಪಾಯ ಶೇ 58 ಹೆಚ್ಚಿತ್ತು. ಅದರಲ್ಲಿ ದೇಹತೂಕದ ಪಾಲು ಕಳೆದರೂ ಶೇ 24 ಉಳಿಯಿತು. ಅಂದರೆ ತೂಕದ ಯಂತ್ರವೊಂದನ್ನೇ ನಂಬಿ ಕೂರುವಂತಿಲ್ಲ.

ದಣಿದ ನರ್ಸ್‌ಗೆ ಯೋಗ ಶಿಬಿರ ಏರ್ಪಡಿಸಿ ಕೈತೊಳೆದುಕೊಳ್ಳುವುದು ಅನ್ಯಾಯ. ಬರ್ನ್‌ಔಟ್ ಎಂಬುದು ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದ ಫಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ಹೇಳಿದೆ. ನಿಭಾಯಿಸಬೇಕಾದವರು ಡ್ಯೂಟಿ ಪಟ್ಟಿ ಬರೆಯುವವರು, ಹುದ್ದೆ ಮಂಜೂರು ಮಾಡುವವರು. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಮಹಾರಾಷ್ಟ್ರದ ಸರ್ಕಾರಿ ನರ್ಸ್‌ಗಳು 2022ರ ಮೇನಲ್ಲಿ ಹೊರಗುತ್ತಿಗೆ ನೇಮಕದ ವಿರುದ್ಧ ಮುಷ್ಕರ ಹೂಡಿದ್ದರು. ಅದನ್ನು ಬರೀ ಸಂಬಳದ ಜಗಳವೆಂದು ತಳ್ಳಿಹಾಕಲಾಗದು. ಕಾಯಂ ಕೈಗಳು ಕಡಿಮೆಯಾದಷ್ಟೂ ಇರುವವರ ಪಾಲಿಗೆ ರಾತ್ರಿಗಳು ಹೆಚ್ಚುತ್ತವೆ.

ಮೊದಲು ಆಗಬೇಕಾದ್ದು ಕಾಯಂ ಹುದ್ದೆಗಳ ಭರ್ತಿ. ಜೊತೆಗೆ ಸತತ ರಾತ್ರಿಪಾಳಿಗೆ ಮಿತಿ, ಊಟಕ್ಕೆ ಯಾರೂ ಕರೆಯದ ಅರ್ಧ ಗಂಟೆ, ವರ್ಷಕ್ಕೊಮ್ಮೆ ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಸೊಂಟದ ಅಳತೆ. ಭಾರತೀಯ ಮಹಿಳೆಗೆ 80 ಸೆಂಟಿಮೀಟರ್ ಮುಟ್ಟಿದರೆ ಎಚ್ಚರದ ಗೆರೆ. ಪುಣೆಯ ಸಸೂನ್‌ನಂಥ ದೊಡ್ಡ ಆಸ್ಪತ್ರೆಯಲ್ಲಿ ಇದಕ್ಕೆ ಬೇಕಾದ ಲ್ಯಾಬ್, ವೈದ್ಯರು, ಅಳತೆಪಟ್ಟಿ ಎಲ್ಲವೂ ಆವರಣದೊಳಗೇ ಇವೆ. ಬೇಕಿರುವುದು ಒಂದು ಆದೇಶ ಮತ್ತು ಡ್ಯೂಟಿ ಸಮಯದಲ್ಲೇ ಪರೀಕ್ಷೆಗೆ ಹೋಗಿಬರಲು ಬಿಡುವು.