ಮಿಲ್ಲಿಂಗ್ ಯಂತ್ರಕ್ಕೂ ಮೊದಲು ಅದರ ಟೇಪರು

ಮನೆಯ ಹಿಂಬದಿಯ ಕೊಠಡಿಯಲ್ಲಿ ಸಣ್ಣದೊಂದು ಮಿಲ್ಲಿಂಗ್ ಯಂತ್ರವನ್ನಿಟ್ಟುಕೊಂಡು, ನಿವೃತ್ತಿಯ ನಂತರದ ದಿನಗಳನ್ನೋ ಭಾನುವಾರದ ಮಧ್ಯಾಹ್ನಗಳನ್ನೋ ಲೋಹದ ಕೆಲಸಕ್ಕೆ ಮೀಸಲಿಡಬೇಕೆಂಬ ಹಂಬಲವುಳ್ಳವರು ಬೆಂಗಳೂರಿನಲ್ಲಿ ಇದ್ದಾರೆ. 1953ರಲ್ಲಿ ಯಂತ್ರೋಪಕರಣಗಳ ಕಾರ್ಖಾನೆಯಾದ ಎಚ್‌ಎಂಟಿ ನೆಲೆಗೊಂಡಂದಿನಿಂದ ತಲೆಮಾರುಗಟ್ಟಲೆ ಟರ್ನರುಗಳನ್ನೂ ಫಿಟ್ಟರುಗಳನ್ನೂ ಸಾಕಿ ಬೆಳೆಸಿದ ಊರಿಗೆ ಅದು ಸಹಜವಾದ ಹಂಬಲವೇ ಸರಿ. ಅಂಥವರು ಯಂತ್ರ ಕೊಳ್ಳಲು ಹೊರಟಾಗ ಮೋಟಾರಿನ ಅಶ್ವಶಕ್ತಿಯೆಷ್ಟು, ಟೇಬಲಿನ ಉದ್ದಗಲವೆಷ್ಟು, ಬೆಲೆಯೆಷ್ಟು ಎಂದು ವಿಚಾರಿಸುತ್ತಾರೆಯೇ ಹೊರತು, ಸ್ಪಿಂಡಲಿನ ಬಾಯೊಳಗೆ ಕೊರೆದು ಗ್ರೈಂಡ್ ಮಾಡಿರುವ ಶಂಕುವಿನಾಕಾರದ ರಂಧ್ರ, ಎಂದರೆ ಕಾರ್ಖಾನೆಯ ಮಾತಿನಲ್ಲಿ ಟೇಪರು, ಯಾವ ಜಾತಿಯದೆಂದು ಕೇಳುವವರು ವಿರಳ. ಮೊದಲು ಕೇಳತಕ್ಕ ಪ್ರಶ್ನೆಯೇ ಅದೆಂದೂ, ಮನೆಯ ಕಾರ್ಯಾಗಾರಕ್ಕೆ ಕಚ್ಚಿಕೊಂಡು ಕೂರುವ ಮೋರ್ಸ್ ಟೇಪರಿಗಿಂತ ಸಲೀಸಾಗಿ ಬಿಟ್ಟುಕೊಡುವ ಕಡಿದಾದ ಟೇಪರೇ ಮೇಲೆಂದೂ ನನ್ನ ದೃಢವಾದ ಅಭಿಪ್ರಾಯ.

ಮೋಟಾರು ಸುಟ್ಟರೆ ಬೇರೊಂದನ್ನು ಕೂರಿಸಬಹುದು. ಸವೆದ ಸ್ಕ್ರೂವನ್ನು ಬದಲಿಸಬಹುದು. ಆದರೆ ಟೇಪರು ಸ್ಪಿಂಡಲಿನ ದೇಹದಲ್ಲೇ ಅಂತರ್ಗತವಾದುದು. ಅದಕ್ಕೆ ಹೊಂದುವಂತೆ ವರ್ಷವರ್ಷವೂ ಒಂದೊಂದಾಗಿ ಕೂಡಿಸಿದ, ಕಟರನ್ನು ಬಿಗಿದು ಹಿಡಿಯುವ ಕಾಲೆಟ್ಟುಗಳು, ಆರ್ಬರುಗಳು, ಬೋರಿಂಗ್ ಹೆಡ್ಡು, ಡ್ರಿಲ್ ಚಕ್ಕು ಇವೆಲ್ಲದರ ಮೊತ್ತ ಒಂದು ದಿನ ಯಂತ್ರದ ಬೆಲೆಯನ್ನೇ ಸಮೀಪಿಸುತ್ತದೆ. ಆಮೇಲೆ ಯಂತ್ರವನ್ನು ಮಾರಿದರೂ ಟೇಪರಿನ ಋಣ ಹರಿಯುವುದಿಲ್ಲ.

ಮೋರ್ಸ್ ಟೇಪರು ಹುಟ್ಟಿದ್ದು ಮಿಲ್ಲಿಂಗಿಗಾಗಿ ಅಲ್ಲ. ಅಮೆರಿಕದ ಸ್ಟೀಫನ್ ಮೋರ್ಸ್ 1863ರಲ್ಲಿ ಸುರುಳಿ ಡ್ರಿಲ್ಲಿಗೆ ಪೇಟೆಂಟು ಪಡೆದವನು. ಅವನ ಹೆಸರಿನ ಟೇಪರೂ ಡ್ರಿಲ್ಲುಗಳನ್ನು ಹಿಡಿಯುವುದಕ್ಕೆ ಬಂದುದೇ. ಸುಮಾರು ಇಪ್ಪತ್ತು ಮಿಲಿಮೀಟರ್ ಉದ್ದಕ್ಕೆ ಒಂದು ಮಿಲಿಮೀಟರಿನಷ್ಟು ಮಾತ್ರ ಕಿರಿದಾಗುವ ಈ ಶಂಕುವಿನ ಪೂರ್ಣ ಕೋನ ಸುಮಾರು ಮೂರು ಡಿಗ್ರಿಯಷ್ಟೇ ಇರುವುದರಿಂದ, ಉಕ್ಕಿಗೂ ಉಕ್ಕಿಗೂ ನಡುವಣ ಘರ್ಷಣೆಯು ಜಾರುವ ಪ್ರವೃತ್ತಿಯನ್ನು ಸುಲಭವಾಗಿ ಮೀರಿ, ಒಮ್ಮೆ ಒತ್ತಿ ಕೂರಿಸಿದ್ದು ತಾನಾಗಿ ಕಳಚಿಕೊಳ್ಳದು. ಡ್ರಿಲ್ಲಿಗೆ ಇದು ಪರಮೋಪಕಾರಿ. ಡ್ರಿಲ್ಲಿನ ಮೇಲೆ ಬೀಳುವ ಭಾರ ಯಾವಾಗಲೂ ಅಕ್ಷದ ದಿಕ್ಕಿನಲ್ಲಿ ಶಂಕುವನ್ನು ಒಳಕ್ಕೇ ಒತ್ತುತ್ತದೆ. ಮಿಲ್ಲಿಂಗಿನ ಕಟರಾದ ಎಂಡ್ ಮಿಲ್ಲಿನ ಗತಿ ಬೇರೆ. ಪಕ್ಕದಿಂದ ಬೀಳುವ ಹೊಡೆತವೂ ಕಂಪನವೂ ಅದನ್ನು ಅಲ್ಲಾಡಿಸುತ್ತವೆ. ಅದರ ಸುರುಳಿ ಅಲಗುಗಳು ಕತ್ತರಿಸುತ್ತಲೇ ತಮ್ಮನ್ನು ತಾವು ಕೆಳಕ್ಕೆಳೆದುಕೊಳ್ಳುತ್ತವೆ. ಡ್ರಿಲ್ ಚಕ್ಕಿನಲ್ಲಿ ಎಂಡ್ ಮಿಲ್ ಹಿಡಿದು ಕೆಲಸ ಮಾಡಬಾರದೆಂಬ ಹಳೆಯ ಕಟ್ಟಳೆಗೆ ಕಾರಣವಿದೇ: ತಿರುಗುತ್ತಿರುವ ಚಕ್ಕು ತನ್ನ ಟೇಪರಿನಿಂದ ಕಳಚಿ ಬಿದ್ದರೆ ಎದುರಿಗಿರುವವನ ಕೈಗೆ ರಕ್ಷಣೆಯಿಲ್ಲ. ಆದುದರಿಂದ ಮೋರ್ಸ್ ಸ್ಪಿಂಡಲಿನಲ್ಲಿ ಶಂಕುವನ್ನು ಎಳೆದು ಹಿಡಿಯುವ ಉದ್ದನೆಯ ಬೋಲ್ಟನ್ನು, ಎಂದರೆ ಡ್ರಾಬಾರನ್ನು, ಮೇಲಿನಿಂದ ಬಿಗಿಯುವುದು ಅನಿವಾರ್ಯ. ಬಿಗಿದಷ್ಟೂ ಬಿಡಿಸುವುದು ಕಷ್ಟ.

ಆ ಕಷ್ಟವನ್ನು ನಾನು ನನ್ನ ಮೊದಲ ಯಂತ್ರದಲ್ಲಿ ಕಂಡೆನು. ಎಂಟಿ3, ಎಂದರೆ ಮೂರನೆಯ ಸಂಖ್ಯೆಯ ಮೋರ್ಸ್ ಟೇಪರಿನ ಆ ಯಂತ್ರದಲ್ಲಿ ಒಂದು ಸಂಜೆ ಬಹುಹೊತ್ತು ಬೀಡುಕಬ್ಬಿಣ ಕಡಿದು, ಕಾಲೆಟ್ ಚಕ್ಕನ್ನು ಹಾಗೆಯೇ ಬಿಟ್ಟು ಮಲಗಿದವನಿಗೆ, ಬೆಳಗ್ಗೆ ಅದನ್ನು ಬಿಡಿಸಲು ಡ್ರಾಬಾರಿನ ತಲೆಗೆ ಹಿತ್ತಾಳೆಯ ಸುತ್ತಿಗೆಯಿಂದ ಮತ್ತೆ ಮತ್ತೆ ಹೊಡೆಯಬೇಕಾಯಿತು. ಕೆಲಸದಿಂದ ಬಿಸಿಯೇರಿ ಸ್ಪಿಂಡಲು ಹಿಗ್ಗಿದಾಗ ಬಿಗಿದಿದ್ದ ಶಂಕು ಇನ್ನಷ್ಟು ಒಳಸರಿದಿತ್ತು. ರಾತ್ರಿ ಸ್ಪಿಂಡಲು ತಣಿದು ಕುಗ್ಗಿದಾಗ ಅದು ಹಿಡಿದುಕೊಂಡುಬಿಟ್ಟಿತ್ತು. ಆ ಹೊಡೆತಗಳೆಲ್ಲ ಕೊನೆಗೆ ತಲುಪುವುದು ಬೇರಿಂಗುಗಳನ್ನು. ಸೂಕ್ಷ್ಮವಾಗಿ ಹೊಂದಿಸಿದ ಬೇರಿಂಗುಗಳ ಮೇಲೆ ಸುತ್ತಿಗೆಯಾಡಿಸಿ ಆಮೇಲೆ ಡಯಲ್ ಗೇಜಿನಲ್ಲಿ ಓಲಾಟವನ್ನು ಹುಡುಕುವ ದುಃಖವನ್ನು ಅನುಭವಿಸಿದ ಮೇಲೆಯೇ ನನ್ನ ಮನಸ್ಸು ಬದಲಾದುದು. ಮೋರ್ಸ್ ಯಂತ್ರವನ್ನು ಈಗಾಗಲೇ ಕೊಂಡಿರುವವರು ಕೆಲಸ ಮುಗಿದೊಡನೆ ಡ್ರಾಬಾರನ್ನು ಸಡಿಲಿಸಿ ಶಂಕುವನ್ನು ಬಿಡಿಸಿಡುವುದನ್ನೂ, ತಿರುಗಿಸಿದರೆ ಶಂಕುವನ್ನು ತಾನೇ ಹೊರದಬ್ಬುವಂತೆ ಕಾಲರ್ ಹಾಕಿ ಬಂಧಿಸಿದ ಡ್ರಾಬಾರನ್ನು ಮಾಡಿಕೊಳ್ಳುವುದನ್ನೂ ಮರೆಯಬಾರದು. ಲೇತಿನ ಟೇಲ್‌ಸ್ಟಾಕಿನಲ್ಲೂ ಮೋರ್ಸ್ ಟೇಪರೇ ಇರುವುದರಿಂದ ಸಂಖ್ಯೆ ಹೊಂದಿದರೆ ಒಂದೇ ಡ್ರಿಲ್ ಚಕ್ಕು ಎರಡಕ್ಕೂ ಒದಗುತ್ತದೆಂಬ ಅನುಕೂಲ ನಿಜವಾದುದೇ. ಆದರೆ ಒಂದು ಚಕ್ಕಿನ ಉಳಿತಾಯಕ್ಕಾಗಿ ಸ್ಪಿಂಡಲನ್ನು ಒತ್ತೆಯಿಡಲಾಗದು.

ಇನ್ನು ಆರ್8. ರುಡಾಲ್ಫ್ ಬ್ಯಾನೋ ಮತ್ತು ಮ್ಯಾಗ್ನಸ್ ವಾಲ್‌ಸ್ಟ್ರಾಮ್ ಎಂಬವರು ಕನೆಕ್ಟಿಕಟ್ಟಿನ ಬ್ರಿಜ್‌ಪೋರ್ಟ್ ನಗರದಲ್ಲಿ 1938ರಲ್ಲಿ ಹೊರತಂದ ಟರ್ರೆಟ್ ಮಿಲ್ಲಿಂಗ್ ಯಂತ್ರದ ವಂಶದಲ್ಲಿ ಲೋಕಪ್ರಸಿದ್ಧವಾದ ಈ ಟೇಪರು ಸುಮಾರು ಹದಿನೇಳು ಡಿಗ್ರಿಯದು. ಡ್ರಾಬಾರನ್ನು ಸಡಿಲಿಸಿ ಮೆಲ್ಲಗೆ ತಟ್ಟಿದರೆ ಸಾಕು. ಕಾಲೆಟ್ಟು ನೇರವಾಗಿ ಸ್ಪಿಂಡಲಿನೊಳಗೇ ಕೂರುವುದರಿಂದ ಕಟರು ಬೇರಿಂಗಿಗೆ ಸಮೀಪದಲ್ಲಿರುತ್ತದೆ, ಇದು ಬಿಗಿತಕ್ಕೆ ಬಹಳ ಒಳ್ಳೆಯದು. ಆದರೆ ಶಂಕುವಿನ ಹಿಂದೆ ಉದ್ದನೆಯ ನೇರ ಕಾಂಡವೊಂದಿದೆ. ಅದನ್ನು ಹೊರಗೆಳೆಯಲು ಹೆಡ್ಡಿನ ಕೆಳಗೆ ನೂರು ಮಿಲಿಮೀಟರಿನಷ್ಟು ಬಯಲು ಬೇಕು. ಎತ್ತರವೇ ಕಡಿಮೆಯಿರುವ ಮನೆಯ ಯಂತ್ರದಲ್ಲಿ ಪ್ರತಿ ಸಲ ಕಟರು ಬದಲಿಸಲು ಹೆಡ್ಡನ್ನು ಮೇಲಕ್ಕೆತ್ತಿ ಮತ್ತೆ ಅಳತೆ ಕೂಡಿಸುವುದು ಎಷ್ಟು ಸಮಯವನ್ನು ನುಂಗುತ್ತದೆಂಬುದು ಮಾಡಿದವರಿಗೇ ಗೊತ್ತು. ಆರ್8 ಸಾಮಗ್ರಿ ಪ್ರತಿ ಅಂಗಡಿಯಲ್ಲೂ ದೊರೆಯುವ ಅಮೆರಿಕದಲ್ಲಿ ನಾನಿದ್ದಿದ್ದರೆ ಬಹುಶಃ ಅದನ್ನೇ ಆರಿಸುತ್ತಿದ್ದೆ.

ನಮ್ಮಲ್ಲಿಯವರಿಗೆ ನಾನು ಹೇಳುವುದು ಐಎಸ್‌ಒ 30. ಇಪ್ಪತ್ತನಾಲ್ಕು ಮಾನದ ಉದ್ದಕ್ಕೆ ಏಳು ಮಾನ ಕಿರಿದಾಗುವ ಈ ಕಡಿದಾದ ಟೇಪರನ್ನು 1920ರ ದಶಕದ ಕೊನೆಯಲ್ಲಿ ಅಮೆರಿಕದ ಯಂತ್ರ ತಯಾರಕರ ಸಂಘವು ಮಿಲ್ಲಿಂಗಿಗೆಂದೇ ರೂಢಿಗೆ ತಂದಿತು. ಇಲ್ಲಿ ಶಂಕುವಿನ ಕರ್ತವ್ಯ ಕಟರನ್ನು ಮಧ್ಯಕ್ಕೆ ಕೂರಿಸುವುದಷ್ಟೆ; ತಿರುಚುವ ಬಲವನ್ನು ಸ್ಪಿಂಡಲಿನ ಬಾಯಲ್ಲಿರುವ ಎರಡು ಕೀಲಿಗಳು ಹೊರುತ್ತವೆ, ಕೆಳಗಿಳಿಯದಂತೆ ಡ್ರಾಬಾರು ಹಿಡಿಯುತ್ತದೆ. ಕೆಲಸ ಹೀಗೆ ಹಂಚಿಹೋಗಿರುವುದರಿಂದ ಬಿಡಿಸುವುದೂ ಸರಾಗ. ಶಂಕು ಕೇವಲ ಐವತ್ತು ಮಿಲಿಮೀಟರಿನಷ್ಟು ಉದ್ದವಾದುದರಿಂದ ಹೆಡ್ಡಿನ ಕೆಳಗೆ ಹೆಚ್ಚು ಜಾಗವನ್ನೂ ಬೇಡದು. ಇದರ ಮೇಲೆ ಒಂದು ಇಆರ್32 ಕಾಲೆಟ್ ಚಕ್ಕನ್ನು ಕೊಂಡರೆ, ಒಂದೊಂದೂ ಒಂದೊಂದು ಮಿಲಿಮೀಟರು ಕುಗ್ಗುವ ಕಾಲೆಟ್ಟುಗಳಿಂದ ಇಪ್ಪತ್ತು ಮಿಲಿಮೀಟರಿನವರೆಗಿನ ಕಟರುಗಳನ್ನೆಲ್ಲ ಹಿಡಿಯಬಹುದು. ಚಕ್ಕಿನ ಉದ್ದದಿಂದ ಕಟರು ಸ್ವಲ್ಪ ದೂರ ಸರಿಯುವುದೆಂಬ ಆಕ್ಷೇಪವನ್ನು ಒಪ್ಪಿಕೊಂಡೇ ಈ ಮಾತನ್ನು ಹೇಳುತ್ತೇನೆ. ಐಎಸ್‌ಒ 40 ಇನ್ನೂ ದೃಢವಲ್ಲವೇ ಎಂದು ಕೇಳುವವರುಂಟು. ನಲವತ್ತನಾಲ್ಕು ಮಿಲಿಮೀಟರು ದಾಟಿದ ಅದರ ಬಾಯಿಗೆ ತಕ್ಕ ಬೇರಿಂಗುಗಳನ್ನೂ ಅವಕ್ಕೆ ತಕ್ಕ ಹೆಡ್ಡನ್ನೂ ಒಂದು ಅಶ್ವಶಕ್ತಿಯ ಯಂತ್ರ ಹೊರಲಾರದು.

ಗಣಕಚಾಲಿತ ಯಂತ್ರಗಳ ಬಿಟಿ30 ಹೋಲ್ಡರುಗಳ ಶಂಕುವೂ ಇದೇ ಆದುದರಿಂದ, ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯದ ಕಡೆ ಹಳೆಯ ಸಾಮಗ್ರಿ ಮಾರುವವರಲ್ಲಿ ಅವು ಕಣ್ಣಿಗೆ ಬಿದ್ದಾಗ ಕೈಯಲ್ಲೆತ್ತಿ ನೋಡಬೇಕೆನಿಸುವುದು ಸಹಜ. ಆದರೆ ಫ್ಲಾಂಜಿನ ದಪ್ಪವೂ ಕೀಲಿಯ ಕಚ್ಚುಗಳೂ ಬೇರೆ. ಅಮೆರಿಕದ ಹಳೆಯ ಹೋಲ್ಡರುಗಳಲ್ಲಿ ಡ್ರಾಬಾರಿನ ಎಳೆಯೂ ಅಂಗುಲದ್ದು. ತಮ್ಮ ಸ್ಪಿಂಡಲಿಗೆ ಹಿಡಿದು ನೋಡದೆ ಯಾವುದನ್ನೂ ಕೊಳ್ಳತಕ್ಕದ್ದಲ್ಲ. ಮನೆಬಳಕೆಯ ಯಂತ್ರಗಳನ್ನು ಕಟ್ಟುವ ನಮ್ಮ ತಯಾರಕರೂ ವ್ಯಾಪಾರಿಗಳೂ ಎಂಟಿ3ರ ಜತೆಗೆ ಐಎಸ್‌ಒ 30ರ ಸ್ಪಿಂಡಲನ್ನೂ ಗ್ರಾಹಕರ ಮುಂದಿಟ್ಟು, ಯಾವುದು ಬೇಕೆಂದು ಕೇಳುವ ಪದ್ಧತಿಯನ್ನು ಆರಂಭಿಸಬೇಕೆಂದು ನಾನು ಅವರನ್ನು ಪ್ರಾರ್ಥಿಸುತ್ತೇನೆ.

ಹಳೆಯ ಯಂತ್ರವನ್ನು ನೋಡಲು ಹೋಗುವವರು ಶುಭ್ರವಾದ ಬಟ್ಟೆಯ ತುಂಡೊಂದನ್ನೂ, ನೀಲಿ ಮಸಿಯನ್ನೂ, ಸವೆಯದ ಹೋಲ್ಡರೊಂದನ್ನೂ ಜೊತೆಗೊಯ್ಯಲಿ. ಸ್ಪಿಂಡಲಿನ ಬಾಯನ್ನು ಒರೆಸಿ, ಕೂದಲೆಳೆಯಷ್ಟು ಲೋಹದ ಚೂರೂ ಉಳಿದಿಲ್ಲವೆಂದು ಬೆರಳಾಡಿಸಿ ನೋಡಿ, ಹೋಲ್ಡರಿಗೆ ನೀಲಿಯನ್ನು ತೆಳುವಾಗಿ ಸವರಿ ಒಳಗಿಟ್ಟು ಡ್ರಾಬಾರಿನಿಂದ ಹಗುರಾಗಿ ಬಿಗಿದು ಹೊರತೆಗೆದಾಗ, ಸ್ಪಿಂಡಲಿನೊಳಗೆ ಅಗಲವಾದ ತುದಿಯ ಸುತ್ತ ಎಲ್ಲಿಯೂ ಕಡಿಯದೆ ನೀಲಿ ಹತ್ತಿದ್ದರೆ ಬೆಲೆಯ ಮಾತನ್ನು ತೆಗೆಯಬಹುದು.